ತಿನ್ನದ ಗುಳಿಗೆಯೂ ಯಾಕೆ ನಾಟುವುದಿಲ್ಲ?

ಎಲ್ಲರಿಗೂ ನಮಸ್ಕಾರ. ಬಿಸಿಲಲ್ಲಿ ಹೊಲದ ಕೆಲಸ ಬಿಟ್ಟು ಬಂದವರೂ ಇದ್ದೀರಿ. ಅದಕ್ಕೆ ನಮ್ಮ ಮನೆಯ ಮಾತಿನಿಂದಲೇ ಶುರು ಮಾಡುತ್ತೇನೆ.

ಹೋದ ವರ್ಷ ನಮ್ಮ ಸೋದರತ್ತೆಗೆ ಉರಿಮೂತ್ರ ಆಯಿತು. ಎರಡು ಸಲ ಮಾತ್ರೆ ಬದಲಿಸಿದರೂ ನಾಟಲಿಲ್ಲ. ಮೂತ್ರದ ಕಲ್ಚರ್ ಮಾಡಿಸಿದೆವು, ಅಂದರೆ ರೋಗಾಣುವನ್ನು ಬೆಳೆಸಿ ಯಾವ ಔಷಧಿ ನಾಟುತ್ತದೆ ಅಂತ ನೋಡುವ ಪರೀಕ್ಷೆ. ರಿಪೋರ್ಟಿನಲ್ಲಿ ಔಷಧಿಗಳ ಹೆಸರು ಸಾಲಾಗಿ, ಒಂದೊಂದರ ಮುಂದೆ ಒಂದೊಂದು ಅಕ್ಷರ. 'ಎಸ್' ಇದ್ದರೆ ಆ ಔಷಧಿಗೆ ರೋಗಾಣು ಬಗ್ಗುತ್ತದೆ, 'ಆರ್' ಇದ್ದರೆ ಬಗ್ಗುವುದಿಲ್ಲ. ಮೇಲಿಂದ ಕೆಳಗೆ ಆರ್, ಆರ್, ಆರ್. ತಳದಲ್ಲಿ ಮೂರೇ ಮೂರು ಎಸ್, ಮೂರೂ ಇಂಜೆಕ್ಷನ್ನು. ಅತ್ತೆ ಕೇಳಿದರು: "ಅಲ್ಲವ್ವಾ, ಇದರಲ್ಲಿ ಅರ್ಧ ಔಷಧಿ ಹೆಸರೇ ನಾನು ಕೇಳಿಲ್ಲ. ತಿನ್ನದ ಗುಳಿಗೆ ಹೆಂಗೆ ನಾಟಲ್ಲ?"

ಇಷ್ಟು ವರ್ಷ ಸೂಕ್ಷ್ಮಜೀವಿಗಳ ಪಾಠ ಮಾಡಿದ್ದೇನೆ. ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ಯಾವ ವಿದ್ಯಾರ್ಥಿಯೂ ನನ್ನನ್ನು ಕೇಳಿಲ್ಲ.

ಉತ್ತರದ ಒಂದು ಎಳೆ ಮೆಕ್ಕೆಜೋಳದಲ್ಲಿದೆ. ದಾವಣಗೆರೆಯವರಿಗೆ ಮೆಕ್ಕೆಜೋಳದ ಪರಿಚಯ ಬೇಕಿಲ್ಲ, ಅಲ್ವಾ? ನಾವು ಬೆಳೆಯುವುದು ಹಳದಿ ತೆನೆ. ಅಮೆರಿಕದಲ್ಲಿ ಬಾರ್ಬರಾ ಮೆಕ್ಲಿಂಟಾಕ್ ಅನ್ನುವ ವಿಜ್ಞಾನಿ ಬೆಳೆಯುತ್ತಿದ್ದದ್ದು ಬಣ್ಣದ ತೆನೆ. ಕಾಳಿನ ಮೈ ಬಿಳಿಚು, ಅದರ ಮೇಲೆ ನೇರಳೆ ಚುಕ್ಕೆ. ಸುಣ್ಣದ ಗೋಡೆಗೆ ಶಾಯಿ ಸಿಡಿದ ಹಾಗೆ. ಆಕೆ ಆ ಚುಕ್ಕೆಯ ಬೆನ್ನು ಹತ್ತಿದರು. ಜೀವಿಯ ಗುಣಗಳೆಲ್ಲ ಕೋಶದೊಳಗಿನ ಡಿಎನ್ಎ ಎಂಬ ದಾರದಲ್ಲಿ ಬರೆದಿರುತ್ತವೆ, ಅದರಲ್ಲಿ ಒಂದೊಂದು ಬರಹ ಒಂದೊಂದು ಜೀನು. ಬಣ್ಣ ಕೊಡುವ ಜೀನಿನ ನಡುವೆ ಡಿಎನ್ಎಯ ಒಂದು ತುಂಡು ಬಂದು ಕೂತಿರುತ್ತದೆ, ಅದಕ್ಕೇ ಕಾಳು ಬಿಳಿಚು. ಕಾಳು ಬಲಿಯುವಾಗ ಯಾವುದೋ ಒಂದು ಕೋಶದಲ್ಲಿ ಆ ತುಂಡು ಎದ್ದು ಬೇರೆ ಕಡೆ ಹೋಗುತ್ತದೆ. ಆ ಕೋಶದ ಸಂತಾನಕ್ಕೆಲ್ಲ ಬಣ್ಣ ಮರಳುತ್ತದೆ. ಅದೇ ಚುಕ್ಕೆ. 1940ರ ದಶಕದಲ್ಲಿ ಕಂಡುಕೊಂಡ ಈ ವಿಷಯಕ್ಕೆ ನೊಬೆಲ್ ಬಂದದ್ದು 1983ರಲ್ಲಿ. ಆಗ ಅವರಿಗೆ 81 ವರ್ಷ.

ಇಂಥ ಜಿಗಿಯುವ ತುಂಡುಗಳು ಬ್ಯಾಕ್ಟೀರಿಯಾಗಳಲ್ಲೂ ಇವೆ. ಟ್ರಾನ್ಸ್‌ಪೋಸಾನ್ ಅನ್ನುತ್ತೇವೆ. ಕೆಲವು ತುಂಡುಗಳು ಜಿಗಿಯುವಾಗ ಆ್ಯಂಟಿಬಯೋಟಿಕ್, ಅಂದರೆ ಬ್ಯಾಕ್ಟೀರಿಯಾವನ್ನು ಹೊಡೆಯುವ ಔಷಧಿ, ಅದನ್ನು ತಡೆಯುವ ಜೀನನ್ನೂ ಹೊತ್ತೊಯ್ಯುತ್ತವೆ. ಆದರೆ ಒಂದು ಕೋಶದ ಒಳಗೇ ಜಿಗಿದರೆ ಪಕ್ಕದವರಿಗೆ ಸಿಗುವುದಿಲ್ಲ. ಅಲ್ಲಿ ಪ್ಲಾಸ್ಮಿಡ್ ಬರುತ್ತದೆ. ಇದು ಬ್ಯಾಕ್ಟೀರಿಯಾದೊಳಗೆ ಬೇರೆಯಾಗಿಯೇ ಇರುವ ಡಿಎನ್ಎಯ ಸಣ್ಣ ಬಳೆ. ಟ್ರಾನ್ಸ್‌ಪೋಸಾನ್ ಜಿಗಿದು ಈ ಬಳೆಯ ಮೇಲೆ ಕೂತಿತೆನ್ನಿ. ಬ್ಯಾಕ್ಟೀರಿಯಾ ಪಕ್ಕದ್ದನ್ನು ಮುಟ್ಟಿ, ನಡುವೆ ದಾರಿ ಮಾಡಿಕೊಂಡು, ಬಳೆಯ ಒಂದು ಪ್ರತಿಯನ್ನು ದಾಟಿಸುತ್ತದೆ. ಪಕ್ಕದ ಮನೆಗೆ ಹೆಪ್ಪು ಕೊಟ್ಟ ಹಾಗೆ. ಕೊಟ್ಟವರ ಗಡಿಗೆಯಲ್ಲಿ ಮೊಸರು ಇದ್ದೇ ಇರುತ್ತದೆ, ಇಸಿದುಕೊಂಡವರ ಮನೆಯಲ್ಲೂ ಬೆಳಗಾಗುವಷ್ಟರಲ್ಲಿ ಗಡಿಗೆ ತುಂಬ ಮೊಸರು. ಕೊಡುವುದು ತಮ್ಮ ಜಾತಿಯ ಬ್ಯಾಕ್ಟೀರಿಯಾಕ್ಕೇ ಅಂತೇನೂ ಇಲ್ಲ.

ಔಷಧಿಯ ತಡೆ ಹೀಗೆ ದಾಟುತ್ತದೆ ಅಂತ ಗೊತ್ತಾದದ್ದು ಜಪಾನಿನಲ್ಲಿ. 1950ರ ದಶಕದಲ್ಲಿ ಅಲ್ಲಿ ರಕ್ತಭೇದಿ ತರುವ ಶಿಗೆಲ್ಲಾ ಅನ್ನುವ ಬ್ಯಾಕ್ಟೀರಿಯಾ ನಾಲ್ಕು ಔಷಧಿಗಳಿಗೆ ಒಟ್ಟಿಗೇ ಬಗ್ಗದಾಯಿತು. ಸಲ್ಫಾ, ಸ್ಟ್ರೆಪ್ಟೊಮೈಸಿನ್, ಟೆಟ್ರಾಸೈಕ್ಲಿನ್, ಕ್ಲೋರಾಂಫೆನಿಕಾಲ್. ಒಂದೇ ಔಷಧಿ ತೆಗೆದುಕೊಂಡ ರೋಗಿಯಲ್ಲೂ ನಾಲ್ಕಕ್ಕೂ ತಡೆ! ಅದೇ ರೋಗಿಯ ಕರುಳಿನಲ್ಲಿ ಸಾಧಾರಣವಾಗಿ ಇರುವ ಇ. ಕೋಲಿ ಬ್ಯಾಕ್ಟೀರಿಯಾದಲ್ಲೂ ಅದೇ ತಡೆ. 1959ರಲ್ಲಿ ತಡೆ ಇರುವ ಒಂದನ್ನು ತಡೆ ಇಲ್ಲದ ಇನ್ನೊಂದರ ಜೊತೆ ಸೀಸೆಯಲ್ಲಿ ಸುಮ್ನೆ ಬೆರೆಸಿ ನೋಡಿದರು. ಒಂದೇ ಬಳೆಯ ಮೇಲಿದ್ದ ನಾಲ್ಕೂ ತಡೆಗಳು ಒಂದೇ ಗಂಟಾಗಿ ದಾಟಿದವು.

ಈ ಗಂಟೇ ನಮ್ಮ ಅತ್ತೆಯ ಪ್ರಶ್ನೆಗೆ ಉತ್ತರ. ನೆಗಡಿಗೆ ಅಂತ ಅಂಗಡಿಯಿಂದ ಯಾವುದೋ ಆ್ಯಂಟಿಬಯೋಟಿಕ್ ತಂದು ನುಂಗುತ್ತೇವೆ. ನೆಗಡಿ ವೈರಸ್ಸಿನದು, ಅದಕ್ಕೆ ಏನೂ ಆಗುವುದಿಲ್ಲ. ಕರುಳಿನಲ್ಲಿ ಮಾತ್ರ ಬಡಪಾಯಿ ಬ್ಯಾಕ್ಟೀರಿಯಾಗಳು ಸಾಯುತ್ತವೆ, ಗಂಟು ಇದ್ದದ್ದು ಉಳಿದು ಖಾಲಿ ಜಾಗದಲ್ಲಿ ಹಬ್ಬುತ್ತದೆ. ನುಂಗಿದ್ದು ಒಂದೇ ಔಷಧಿ, ಜಾಸ್ತಿಯಾದದ್ದು ಗಂಟಿನಲ್ಲಿರುವ ಎಲ್ಲ ಔಷಧಿಗಳ ತಡೆ. ಅತ್ತೆ ಒಂದೂ ಗುಳಿಗೆ ನುಂಗಿರದಿದ್ದರೂ ನೀರಿನಿಂದಲೋ ಬೇರೆಯವರ ಕೈಯಿಂದಲೋ ಆ ಗಂಟು ಬಂದಿರಬಹುದು.

ಕೋಳಿ ಸಾಕುವವರು ಇದ್ದರೆ ಒಂದು ಮಾತು. ಕೊಲಿಸ್ಟಿನ್ ಅಂತ ಔಷಧಿ ಇದೆ, ಬೇರೆ ಯಾವುದೂ ನಾಟದಾಗ ವೈದ್ಯರು ಕೊನೆಗೆ ಹಿಡಿಯುವುದು. ಇದರ ತಡೆ ಪ್ಲಾಸ್ಮಿಡ್ ಮೇಲೇರಿದ್ದನ್ನು 2015ರಲ್ಲಿ ಚೀನಾದವರು ವರದಿ ಮಾಡಿದರು. ಹಂದಿಗಳಲ್ಲೂ ಮಾಂಸದಲ್ಲೂ ಸಿಕ್ಕಿತ್ತು, ಆಸ್ಪತ್ರೆಯ ರೋಗಿಗಳಲ್ಲೂ ಸಿಕ್ಕಿತ್ತು. ನಮ್ಮಲ್ಲಿ 2019ರಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ, ಕೋಳಿಗಳಿಗೆ ಅದನ್ನು ಕೊಡುವುದನ್ನೇ ಕೇಂದ್ರ ಸರ್ಕಾರ ನಿಲ್ಲಿಸಿತು. ಬೇಗ ತೂಕ ಬರಲಿ ಅಂತ ಯಾವ ಆ್ಯಂಟಿಬಯೋಟಿಕ್ಕನ್ನೂ ಮೇವಿಗೆ ಬೆರೆಸಬೇಡಿ, ಕೈಮುಗಿದು ಕೇಳುತ್ತೇನೆ. ಮಾತ್ರೆಯ ಪಟ್ಟಿಯ ಮೇಲೆ ಉದ್ದಕ್ಕೆ ಕೆಂಪು ಗೆರೆ ಇದ್ದರೆ ವೈದ್ಯರ ಚೀಟಿ ಇಲ್ಲದೆ ಕೇಳಬೇಡಿ.

ಅತ್ತೆಗೆ ಆ ಮೂರರಲ್ಲಿ ಒಂದು ನಾಟಿತು. ಏಳು ದಿನ ಇಂಜೆಕ್ಷನ್. ಸೂಜಿ ಚುಚ್ಚಿದ ಕೈ ಬಾತು, ಬಳೆ ತೆಗೆಸಬೇಕಾಯಿತು. ಆ ರಿಪೋರ್ಟಿನ ಜೆರಾಕ್ಸ್ ತಂದಿದ್ದೇನೆ, ಹೆಸರು ಮುಚ್ಚಿದ್ದೇನೆ. ಮುಂದಿನ ಸಾಲಿನಿಂದ ಒಬ್ಬೊಬ್ಬರೇ ನೋಡಿ ಹಿಂದೆ ಕೊಡುತ್ತಾ ಹೋಗಿ. ಅಷ್ಟರಲ್ಲಿ ಪ್ರಶ್ನೆ ಇದ್ದವರು ಕೇಳಬಹುದು.