ನಾಲಿಗೆಯ ಮೇಲೆ ನಿಂತ ಎತ್ತು

ಕೇಳುಗರಿಗೆ ನಮಸ್ಕಾರ.

ರುದ್ರನಾಟಕವೊಂದು ಆರಂಭವಾದ ಮೊದಲ ಕೆಲವು ನಿಮಿಷಗಳಲ್ಲಿಯೇ ಪ್ರೇಕ್ಷಕರ ಮನಸ್ಸು ಮುಂಬರುವ ಅನಾಹುತಕ್ಕೆ ಹೇಗೆ ಅಣಿಯಾಗುತ್ತದೆ ಎಂಬುದನ್ನು ಈ ಹೊತ್ತು ಒಂದೇ ನಾಟಕವನ್ನು ಮುಂದಿಟ್ಟುಕೊಂಡು ನೋಡಬೇಕೆಂದಿದ್ದೇನೆ. ಅದು ಗ್ರೀಕ್ ಕವಿ ಈಸ್ಕಿಲಸನ ‘ಅಗಮೆಮ್ನಾನ್’. ಕ್ರಿಸ್ತಪೂರ್ವ 458ರಲ್ಲಿ, ಅಥೆನ್ಸಿನಲ್ಲಿ ಡಯೋನೈಸಸ್ ದೇವತೆಯ ಉತ್ಸವದ ನಾಟಕಸ್ಪರ್ಧೆಯಲ್ಲಿ ಮೊದಲ ಬಹುಮಾನ ಪಡೆದ ‘ಒರೆಸ್ಟಿಯಾ’ ಎಂಬ ನಾಟಕತ್ರಯದ ಮೊದಲನೆಯ ನಾಟಕವಿದು. ಈಸ್ಕಿಲಸ್ ಕನ್ನಡಿಗರಿಗೆ ತೀರ ಅಪರಿಚಿತನಲ್ಲ. ಅವನ ಇನ್ನೊಂದು ನಾಟಕವನ್ನು ಬಿ.ಎಂ. ಶ್ರೀಕಂಠಯ್ಯನವರು ‘ಪಾರಸಿಕರು’ ಎಂಬ ಹೆಸರಿನಲ್ಲಿ 1935ರಷ್ಟು ಹಿಂದೆಯೇ ನಮಗೆ ಕೊಟ್ಟಿದ್ದಾರೆ.

ಕಥೆಯನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಆರ್ಗೋಸಿನ ಅರಸ ಅಗಮೆಮ್ನಾನ್ ಹತ್ತು ವರ್ಷ ಟ್ರಾಯ್ ನಗರದ ಮುಂದೆ ಕಾದಾಡಿ, ಅದನ್ನು ಸುಟ್ಟು, ಗೆದ್ದು ಮನೆಗೆ ಮರಳುತ್ತಾನೆ. ಮರಳಿದ ದಿನವೇ, ಸ್ನಾನದ ತೊಟ್ಟಿಯಲ್ಲಿ, ಅವನ ಹೆಂಡತಿ ಕ್ಲೈಟೆಮ್ನೆಸ್ಟ್ರಾ ಅವನನ್ನು ಬಲೆಯಂಥ ಬಟ್ಟೆಯಲ್ಲಿ ಸಿಕ್ಕಿಸಿ ಕೊಲ್ಲುತ್ತಾಳೆ. ಇದು ಅಥೆನ್ಸಿನ ಪ್ರೇಕ್ಷಕರಿಗೆ ಗೊತ್ತಿಲ್ಲದ ಕಥೆಯಲ್ಲ. ಹೋಮರನ ಕಾವ್ಯವನ್ನು ಕೇಳಿ ಬೆಳೆದವರು ಅವರು. ಚಕ್ರವ್ಯೂಹ ಹೊಕ್ಕ ಅಭಿಮನ್ಯು ಹೊರಗೆ ಬರುವುದಿಲ್ಲವೆಂದು ತಿಳಿದಿದ್ದೂ ಯಕ್ಷಗಾನದ ಬಯಲಿನಲ್ಲಿ ಬೆಳಗಿನವರೆಗೆ ಕೂತಿರುವ ನಮ್ಮವರಿಗೆ ಈ ಸ್ಥಿತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಏನಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವಾಗ, ಕವಿ ಭಯವನ್ನು ಎಲ್ಲಿಂದ ತರಬೇಕು?

ಈಸ್ಕಿಲಸ್ ಅದನ್ನು ಒಬ್ಬ ಕಾವಲುಗಾರನಿಂದ ತರುತ್ತಾನೆ. ನಾಟಕ ತೆರೆದುಕೊಳ್ಳುವಾಗ ಅರಮನೆಯ ಮಾಡಿನ ಮೇಲೆ ಒಬ್ಬ ಆಳು ಮೊಣಕೈಯೂರಿ ನಾಯಿಯ ಹಾಗೆ ಮಲಗಿದ್ದಾನೆ. ಅವನಿಗೆ ಹೆಸರಿಲ್ಲ. ಅವನ ಮಾತು ಬರಿಯ 39 ಸಾಲು. ಅಷ್ಟಾದ ಮೇಲೆ ನಾಟಕದಲ್ಲಿ ಅವನು ಮತ್ತೆ ಕಾಣಿಸಿಕೊಳ್ಳುವುದೇ ಇಲ್ಲ. ಈ ಪಾಡಿನಿಂದ ನನ್ನನ್ನು ಬಿಡಿಸಿ ಎಂದು ಅವನು ದೇವತೆಗಳನ್ನು ಬೇಡಿಕೊಳ್ಳುವುದೇ ನಾಟಕದ ಮೊದಲ ವಾಕ್ಯ. ಒಂದು ವರ್ಷದಿಂದ ಅವನು ರಾತ್ರಿಯೆಲ್ಲ ಎಚ್ಚರವಾಗಿ ಕಾಯುತ್ತಿದ್ದಾನೆ. ಟ್ರಾಯ್ ಬಿದ್ದರೆ ದೂರದ ಬೆಟ್ಟದ ಮೇಲೆ ಬೆಂಕಿ ಹೊತ್ತಿಕೊಳ್ಳುತ್ತದೆ, ಅದನ್ನು ಕಂಡ ಕೂಡಲೇ ರಾಣಿಗೆ ತಿಳಿಸಬೇಕು. ನಕ್ಷತ್ರಗಳೆಲ್ಲ ಅವನಿಗೆ ಗುರುತಾಗಿಬಿಟ್ಟಿವೆ, ಯಾವುದು ಚಳಿಗಾಲವನ್ನು ತರುತ್ತದೆ, ಯಾವುದು ಬೇಸಗೆಯನ್ನು ತರುತ್ತದೆ ಎಂಬುದೂ ಸೇರಿ. ಹಾಸಿಗೆ ಇಬ್ಬನಿಯಿಂದ ತೊಯ್ದಿದೆ. ಆ ಹಾಸಿಗೆಗೆ ಕನಸು ಬರುವುದಿಲ್ಲ, ಏಕೆಂದರೆ ನಿದ್ದೆಯ ಜಾಗದಲ್ಲಿ ಭಯ ಬಂದು ಕೂತಿದೆ. ತೂಕಡಿಕೆಗೆ ಮದ್ದೆಂದು ಒಂದು ಹಾಡನ್ನಾದರೂ ಗುನುಗೋಣವೆಂದುಕೊಂಡರೆ ಹಾಡಿನ ಬದಲು ಅಳು ಬರುತ್ತದೆ. ಈ ಮನೆಯ ಆಡಳಿತ ಮೊದಲಿನಂತಿಲ್ಲ ಎನ್ನುತ್ತಾನೆ. ಅಷ್ಟೇ ಹೇಳುತ್ತಾನೆ. ಮೊದಲು ಹೇಗಿತ್ತು, ಈಗ ಏನಾಗಿದೆ ಎಂಬುದು ಅವನ ಬಾಯಿಂದ ಬರುವುದಿಲ್ಲ. ನಡುವೆ ರಾಣಿಯ ವಿಚಾರ ಬಂದಾಗ, ಗಂಡಸಿನ ಹಾಗೆ ಯೋಚಿಸುವ ಹೆಣ್ಣು ಎಂದು ಒಂದು ಮಾತನ್ನು ಹಾಗೆಯೇ ತೇಲಿಸಿಬಿಡುತ್ತಾನೆ. ಅದು ಹೊಗಳಿಕೆಯೋ ದೂರೋ ತಿಳಿಯುವುದಿಲ್ಲ.

ಇಷ್ಟರಲ್ಲಿ ಬೆಂಕಿ ಕಾಣುತ್ತದೆ. ಆಳು ಹಿಗ್ಗಿಹೋಗುತ್ತಾನೆ. ಕುಣಿಯುತ್ತೇನೆ ಎನ್ನುತ್ತಾನೆ, ನನ್ನ ದಣಿಗಳಿಗೆ ಬಿದ್ದ ದಾಳ ನನಗೂ ಬಿದ್ದಂತೆ, ಮೂರಕ್ಕೆ ಮೂರೂ ಆರು ಬಿತ್ತು ಎನ್ನುತ್ತಾನೆ. ದಾಳದ ಮಾತು ಬಂದರೆ ನಮ್ಮ ಕಿವಿಗೆ ಶಕುನಿಯ ನೆನಪಾಗುವುದು ಸಹಜ, ಆದರೆ ಇಲ್ಲಿ ಆ ನೆರಳನ್ನು ತರಬಾರದು. ಅವನ ಸಂತೋಷ ನಿಜವಾದದ್ದು. ಮನೆಗೆ ಬಂದ ಯಜಮಾನನ ಕೈಯನ್ನು ಈ ನನ್ನ ಕೈಯಲ್ಲಿ ಹಿಡಿದುಕೊಳ್ಳುವಂತಾಗಲಿ ಎಂದು ಹಾರೈಸುತ್ತಾನೆ. ಮರುಕ್ಷಣವೇ ಅವನ ದನಿ ತಗ್ಗುತ್ತದೆ. ಉಳಿದದ್ದನ್ನು ಹೇಳಲಾರೆ, ನನ್ನ ನಾಲಿಗೆಯ ಮೇಲೆ ದೊಡ್ಡದೊಂದು ಎತ್ತು ಕಾಲಿಟ್ಟು ನಿಂತಿದೆ. ಈ ಮನೆಗೇ ಬಾಯಿ ಬಂದರೆ ಎಲ್ಲವನ್ನೂ ಬಿಡಿಸಿ ಹೇಳೀತು. ತಿಳಿದವರೊಡನೆ ಮಾತಾಡುತ್ತೇನೆ, ತಿಳಿಯದವರ ಎದುರಿಗೆ ನನಗೇನೂ ನೆನಪಿಲ್ಲ. ಹೀಗೆಂದು ಮಾಡಿನಿಂದಿಳಿದು ಹೋಗಿಬಿಡುತ್ತಾನೆ.

ಬಾಯಿಗೆ ಬೀಗ ಹಾಕಿಕೊಳ್ಳುವುದು ಎಂದು ನಾವು ಹೇಳುತ್ತೇವೆ. ಬೀಗಕ್ಕೆ ಬೀಗದಕೈ ಇರುತ್ತದೆ, ಎತ್ತಿಗೆ ಅದಿಲ್ಲ. ಅದು ತಾನಾಗಿ ಕಾಲು ತೆಗೆಯಬೇಕು. ಈ ಮಾತನ್ನು ಕೇಳಿದ ಪ್ರೇಕ್ಷಕನ ಸ್ಥಿತಿಯನ್ನು ಗಮನಿಸಿ. ತಿಳಿದವರೊಡನೆ ಮಾತಾಡುತ್ತೇನೆ ಎಂದಾಗ, ಆ ತಿಳಿದವನು ಪ್ರೇಕ್ಷಕನೇ. ಆಳು ಬಚ್ಚಿಟ್ಟದ್ದನ್ನು ಅವನೇ ಒಳಗೊಳಗೆ ತುಂಬಿಕೊಳ್ಳುತ್ತಾನೆ: ರಾಣಿಗೊಬ್ಬ ಪ್ರಿಯಕರನಿದ್ದಾನೆ, ಬರುತ್ತಿರುವ ಯಜಮಾನ ಇಂದು ಸಾಯುತ್ತಾನೆ. ಅನಾಹುತವನ್ನು ಕವಿ ಹೇಳಲಿಲ್ಲ, ನಾವೇ ಹೇಳಿಕೊಂಡೆವು. ಹೀಗಾಗಿ ಆ ಗುಟ್ಟಿನಲ್ಲಿ ನಾವೂ ಪಾಲುದಾರರಾದೆವು.

ಈ ಕಾವಲುಗಾರನನ್ನು ಈಸ್ಕಿಲಸ್ ಶೂನ್ಯದಿಂದ ಸೃಷ್ಟಿಸಿದವನಲ್ಲ. ಹೋಮರನ ‘ಒಡಿಸ್ಸಿ’ಯ ನಾಲ್ಕನೆಯ ಭಾಗದಲ್ಲಿಯೂ ಇಂಥ ಒಬ್ಬ ಕಾವಲಿನವನಿದ್ದಾನೆ, ಅವನೂ ಒಂದು ವರ್ಷ ಕಾಯುತ್ತಾನೆ. ಆದರೆ ಅವನನ್ನು ನೇಮಿಸಿದವನು ರಾಣಿಯ ಪ್ರಿಯಕರ ಈಜಿಸ್ಥಸ್, ಕೂಲಿ ಎರಡು ಟ್ಯಾಲೆಂಟ್ (ಅದು ಗ್ರೀಕರ ತೂಕದ ಅಳತೆ) ಚಿನ್ನ, ಕೆಲಸ ಅರಸ ಬಂದೊಡನೆ ಸುದ್ದಿ ಮುಟ್ಟಿಸಿ ಕೊಲೆಗೆ ನೆರವಾಗುವುದು. ಈಸ್ಕಿಲಸ್ ಆ ಒಂದು ವರ್ಷವನ್ನು ಹಾಗೆಯೇ ಉಳಿಸಿಕೊಂಡು, ಹಣದಾಸೆಯ ಗೂಢಚಾರನನ್ನು ತೆಗೆದುಹಾಕಿ, ಯಜಮಾನನನ್ನು ಪ್ರೀತಿಸುವ ಆಳನ್ನು ಆ ಜಾಗದಲ್ಲಿ ತಂದು ಕೂರಿಸಿದ. ಕೇಡಿಗನೊಬ್ಬ ಬೆಂಕಿಗಾಗಿ ಕಾಯುತ್ತಿದ್ದರೆ ನಮಗೆ ಕೋಪ ಬರುತ್ತಿತ್ತು, ಅಷ್ಟೆ. ಒಳ್ಳೆಯವನೊಬ್ಬ ಆಸೆಯಿಂದ ಕಾದು ಕೊಟ್ಟ ಸುದ್ದಿಯೇ ಕೊಲೆಗೆ ಮುಹೂರ್ತವಾಗುತ್ತದೆ ಎಂಬಲ್ಲಿ ಕರುಳು ಹಿಂಡಿದಂತಾಗುತ್ತದೆ.

ನಮಗೆ ಉಳಿದು ಬಂದಿರುವ ಗ್ರೀಕ್ ನಾಟಕಗಳಲ್ಲಿ, ಹಿಂದೆ ಒಂದು ಕಟ್ಟಡ, ಅದಕ್ಕೊಂದು ಬಾಗಿಲು ಬೇಕೇ ಬೇಕು ಎನ್ನುವಂತೆ ಬರೆದವುಗಳಲ್ಲಿ ‘ಒರೆಸ್ಟಿಯಾ’ದ ಈ ನಾಟಕಗಳೇ ಅತ್ಯಂತ ಹಳೆಯವು. ಆ ದಿನದ ಮೊದಲ ನಾಟಕವಾದ್ದರಿಂದ ಇದನ್ನು ಬೆಳಗಿನ ಹೊತ್ತಿನಲ್ಲಿ, ತೆರೆದ ಆಕಾಶದ ಕೆಳಗೆ ಆಡಿರಬೇಕು. ಹಾಗಾದರೆ ಇರುಳು, ನಕ್ಷತ್ರ, ಇಬ್ಬನಿ ಎಲ್ಲವೂ ಮಾತಿನಿಂದಲೇ ಮೂಡಬೇಕು. ಬಾನುಲಿಯವರಾದ ನಮಗೆ ಇದು ಚೆನ್ನಾಗಿ ಅರ್ಥವಾಗುವ ಕಷ್ಟ. ಆದರೆ ಮನೆ ಮಾತ್ರ ಕಣ್ಣೆದುರಿಗೇ ಇತ್ತು. ಮನೆಗೆ ಬಾಯಿ ಬಂದರೆ ಎಂದು ಆಳು ಹೇಳಿದಾಗ ಎಲ್ಲರ ದೃಷ್ಟಿಯೂ ಆ ಮುಚ್ಚಿದ ಬಾಗಿಲಿನ ಮೇಲೆ ನೆಟ್ಟಿರಬೇಕು.

ಹಲವು ವರ್ಷಗಳ ಹಿಂದೆ ಹವ್ಯಾಸಿ ತಂಡವೊಂದರ ತಾಲೀಮಿನಲ್ಲಿ ನಾನು ಕೂತಿದ್ದೆ. ಕಾವಲುಗಾರನ ಪಾತ್ರಧಾರಿ ಮೊದಲ ಸಾಲಿನಿಂದಲೇ ಗೋಳುಕರೆಯ ದನಿ ಹಿಡಿದ. ಬೆಂಕಿ ಕಂಡಾಗಲೂ ಆ ದನಿ ಏಳಲಿಲ್ಲ. ರುದ್ರನಾಟಕವೆಂದರೆ ಆರಂಭದಿಂದ ಕೊನೆಯವರೆಗೂ ಮೋಡ ಕವಿದಿರಬೇಕೆಂಬ ನಂಬಿಕೆ ನಮ್ಮ ನಟರಲ್ಲಿ ಬಲವಾಗಿದೆ. ಆ ಹುಡುಗ ನಿಜವಾಗಿ ಕುಣಿದಿದ್ದರೆ, ಕುಣಿತದ ನಡುವೆ ಒಮ್ಮೆ ಕಾಲು ತಡೆದು ನಿಂತಿದ್ದರೆ, ಸಾಕಾಗುತ್ತಿತ್ತು. ಮರುದಿನ ನಿರ್ದೇಶಕರು ಅವನಿಗೆ ಅದನ್ನೇ ಹೇಳಿದರು. ಹುಡುಗ ಕುಣಿದ, ಆ ಒಂದು ತಡೆ ಬಂದಾಗ, ಕಥೆ ಬಾಯಿಪಾಠವಾಗಿದ್ದ ನನಗೂ ಮೈ ಜುಮ್ಮೆಂದಿತು.

ಕಾವಲುಗಾರ ಇಳಿದ ಮೇಲೆ ಊರಿನ ಹಿರಿಯರ ಮೇಳ ಬರುತ್ತದೆ. ಇವರ ಪ್ರವೇಶಗೀತೆ ಇನ್ನೂರು ಸಾಲು ಮೀರುತ್ತದೆ. ಉಳಿದು ಬಂದ ಗ್ರೀಕ್ ರುದ್ರನಾಟಕಗಳಲ್ಲಿ ಇಷ್ಟು ದೀರ್ಘವಾದ ಪ್ರವೇಶಗೀತೆ ಇನ್ನೊಂದಿಲ್ಲ. ಇಂದಿನ ನಿರ್ದೇಶಕರು ಮೊದಲು ಕತ್ತರಿ ಹಾಕುವುದು ಇದಕ್ಕೇ, ನನ್ನ ದೃಷ್ಟಿಯಲ್ಲಿ ಅದು ದೊಡ್ಡ ತಪ್ಪು. ಹತ್ತು ವರ್ಷಗಳ ಹಿಂದೆ ಸೇನೆ ಹೊರಟಾಗ ಎರಡು ಹದ್ದುಗಳು ಗರ್ಭಿಣಿ ಮೊಲವೊಂದನ್ನು ಹರಿದು ತಿಂದ ಶಕುನವನ್ನು ಹಿರಿಯರು ನೆನೆಯುತ್ತಾರೆ. ಆಲಿಸ್ ಎಂಬಲ್ಲಿ ಗಾಳಿ ಪ್ರತಿಕೂಲವಾಗಿ ಹಡಗುಗಳು ನಿಂತುಹೋದದ್ದು, ಅಗಮೆಮ್ನಾನನ ಮಗಳು ಇಫಿಜೀನಿಯಾಳನ್ನು ಆರ್ಟೆಮಿಸ್ ದೇವಿಗೆ ಬಲಿ ಕೊಡಬೇಕೆಂದು ಜ್ಯೋತಿಷಿ ನುಡಿದದ್ದು, ತಂದೆ ಒಪ್ಪಿದ್ದು, ಇವೆಲ್ಲ ಹಾಡಿನಲ್ಲಿ ಬರುತ್ತವೆ. ಮರಿಮೇಕೆಯ ಹಾಗೆ ಅವಳನ್ನು ಬಲಿಪೀಠದ ಮೇಲೆ ಎತ್ತಿ ಹಿಡಿಯುತ್ತಾರೆ. ಮನೆತನವನ್ನು ಶಪಿಸದಂತೆ ಅವಳ ಬಾಯಿ ಕಟ್ಟುತ್ತಾರೆ. ಕೇಸರಿ ಬಣ್ಣದ ಉಡುಗೆ ನೆಲಕ್ಕೆ ಜಾರುತ್ತದೆ. ತಂದೆಯ ಔತಣಗಳಲ್ಲಿ ಅತಿಥಿಗಳ ಮುಂದೆ ಹಾಡುತ್ತಿದ್ದ ಹುಡುಗಿ, ಈಗ ಚಿತ್ರದಲ್ಲಿ ಬರೆದ ಆಕೃತಿಯಂತೆ, ಮಾತಾಡಬೇಕೆಂಬ ಕಣ್ಣುಗಳಿಂದ ಒಬ್ಬೊಬ್ಬರನ್ನೂ ನೋಡುತ್ತಾಳೆ. ಆಮೇಲೆ? ಆಮೇಲಿನದನ್ನು ನಾವು ನೋಡಲಿಲ್ಲ, ಹೇಳುವುದೂ ಇಲ್ಲ ಎಂದು ಹಿರಿಯರು ನಿಲ್ಲಿಸಿಬಿಡುತ್ತಾರೆ.

ಕಾವಲುಗಾರನ ನಾಲಿಗೆಯ ಮೇಲಿನ ಎತ್ತು ಇಲ್ಲಿಯೂ ಬಂದು ನಿಂತಿದೆ. ಆದರೆ ಈ ಸಲ ಮೌನದಲ್ಲಿ ಸೇರಿಕೊಂಡದ್ದು ಬೇರೆ. ಮನೆಯ ಗುಟ್ಟು ರಾಣಿಯ ಪ್ರಣಯವಷ್ಟೇ ಎಂದುಕೊಂಡಿದ್ದವರಿಗೆ, ಮಗಳನ್ನು ಕಳೆದುಕೊಂಡ ತಾಯಿಯೊಬ್ಬಳು ಆ ಬಾಗಿಲಿನ ಹಿಂದೆ ಹತ್ತು ವರ್ಷದಿಂದ ಕೂತಿರುವುದು ಈಗ ಕಾಣುತ್ತದೆ. ಕಾವಲುಗಾರ ಭಯವನ್ನು ಕೊಟ್ಟ, ಮೇಳ ಅದಕ್ಕೆ ಕಾರಣವನ್ನು ಕೊಟ್ಟಿತು. ದುಃಖದ ಹಾಡನ್ನು ಹಾಡಿರಿ, ಆದರೆ ಒಳ್ಳೆಯದೇ ಗೆಲ್ಲಲಿ ಎಂದು ಈ ಮುದುಕರು ಮೂರು ಬಾರಿ ಪಲ್ಲವಿಯಂತೆ ಹೇಳುತ್ತಾರೆ. ಹೇಳಿದಷ್ಟೂ ಆ ಹಾರೈಕೆ ಟೊಳ್ಳೆನಿಸುತ್ತದೆ.

ಈಸ್ಕಿಲಸನ ನಂತರದ ಗ್ರೀಕ್ ನಾಟಕಕಾರ ಯೂರಿಪಿಡೀಸ್ ಬೇರೆ ದಾರಿ ಹಿಡಿದವನು. ಅವನ ‘ಹಿಪ್ಪೊಲಿಟಸ್’ ನಾಟಕದಲ್ಲಿ ಅಫ್ರೊಡೈಟಿ ದೇವಿಯೇ ಮೊದಲು ಬಂದು, ಈ ಯುವಕನಿಗೆ ಇದೇ ಕೊನೆಯ ದಿನ ಎಂದು ಸಾರಿ ಹೋಗುತ್ತಾಳೆ. ಅದಕ್ಕೂ ತನ್ನದೇ ಬಲವಿದೆ. ಆದರೆ ಅಲ್ಲಿ ಪ್ರೇಕ್ಷಕನು ತೀರ್ಪನ್ನು ಕೇಳಿಸಿಕೊಂಡವನು, ಇಲ್ಲಿಯವನ ಹಾಗೆ ಗುಟ್ಟನ್ನು ಹೊತ್ತುಕೊಂಡವನಲ್ಲ.

ಇನ್ನು ಆ ಬೆಂಕಿ. ಸುದ್ದಿ ಇಷ್ಟು ಬೇಗ ಹೇಗೆ ಬಂತೆಂದು ಹಿರಿಯರು ಕೇಳಿದಾಗ, ಟ್ರಾಯ್ ಬಳಿಯ ಐಡಾ ಬೆಟ್ಟದಿಂದ ಲೆಮ್ನೋಸ್ ದ್ವೀಪಕ್ಕೆ, ಅಲ್ಲಿಂದ ಆಥೋಸ್ ಶಿಖರಕ್ಕೆ, ಹೀಗೆ ಬೆಟ್ಟದಿಂದ ಬೆಟ್ಟಕ್ಕೆ ಹಾರಿ ಆ ಜ್ವಾಲೆ ಅಗಮೆಮ್ನಾನನ ತಂದೆ ಅಟ್ರಿಯಸನ ಮಕ್ಕಳ ಈ ಮಾಡಿನ ಮೇಲೆ ಬಂದಿಳಿದ ಬಗೆಯನ್ನು ಕ್ಲೈಟೆಮ್ನೆಸ್ಟ್ರಾ ಒಂದೊಂದೇ ಹೆಸರೆತ್ತಿ ವರ್ಣಿಸುತ್ತಾಳೆ. ಗೆಲುವಿನ ಸುದ್ದಿಯೆಂದು ಆರಂಭವಾದ ವರ್ಣನೆ ಕೇಳುತ್ತ ಕೇಳುತ್ತ, ಊರು ಸುಟ್ಟ ಬೆಂಕಿಯೇ ಕಡಲು ದಾಟಿ ಸುಟ್ಟವನ ಮನೆಗೆ ಬಂತೆಂಬ ಭಾವನೆಯನ್ನು ಹುಟ್ಟಿಸುತ್ತದೆ. ಅಗಮೆಮ್ನಾನ್ ಇನ್ನೂ ರಂಗಕ್ಕೆ ಬಂದಿಲ್ಲ. 1,670 ಸಾಲು ಮೀರುವ ನಾಟಕದಲ್ಲಿ ಅವನು ಬಾಯಿ ತೆರೆಯುವುದು 810ನೆಯ ಸಾಲಿನಲ್ಲಿ. ಅವನು ಬರುವ ಹೊತ್ತಿಗೆ ಪ್ರೇಕ್ಷಕನ ಪಾಲಿಗೆ ಅವನು ಆಗಲೇ ಮುಗಿದವನು.

ಮನೆಗೆ ಬಾಯಿ ಬಂದರೆ ಎಂದಿದ್ದನಲ್ಲ ಆಳು, ಅದೂ ನಡೆಯುತ್ತದೆ. ಟ್ರಾಯಿಂದ ಸೆರೆ ತಂದ, ಮುಂದಾಗುವುದನ್ನು ಕಾಣಬಲ್ಲ ರಾಜಕುಮಾರಿ ಕಸ್ಸಾಂಡ್ರಾ ಆ ಬಾಗಿಲಿನ ಮುಂದೆ ನಿಂತು, ಈ ಮನೆಯಿಂದ ನೆತ್ತರಿನ ವಾಸನೆ ಬರುತ್ತಿದೆ ಎಂದು ಹಿಂದಿನ ಕೊಲೆಗಳನ್ನೂ ಮುಂದಿನದನ್ನೂ ಹೇಳುತ್ತಾಳೆ. ಆಗಲೂ ಒಂದು ಹೆಸರು ಮಾತ್ರ ಹೊರಬರುವುದಿಲ್ಲ. ಕೊಲೆಯಾಗಿ, ಬಾಗಿಲು ತೆರೆದು, ಹೆಣಗಳ ಪಕ್ಕದಲ್ಲಿ ರಾಣಿ ನಿಂತ ಮೇಲೆ, ಕಾವಲುಗಾರ ನುಂಗಿಕೊಂಡಿದ್ದ ಆ ಹೆಸರನ್ನು ಅವಳೇ ಉಚ್ಚರಿಸುತ್ತಾಳೆ. ನನ್ನ ಒಲೆಯಲ್ಲಿ ಈಜಿಸ್ಥಸ್ ಬೆಂಕಿ ಹೊತ್ತಿಸುತ್ತಿರುವ ತನಕ, ಎನ್ನುತ್ತಾಳೆ, ಭಯ ಈ ಮನೆಯೊಳಗೆ ಕಾಲಿಡದು.

ನಮಸ್ಕಾರ.