ಬ್ರೇಕ್ ಯಾಕೆ ಸವೆಯಿತು ಅಂತ ಕೇಳಿ

ಕೇಳುಗರಿಗೆಲ್ಲ ನಮಸ್ಕಾರ. ಪುಣೆಯ ಸಿಂಹಗಡ ರಸ್ತೆ ಕಡೆ 26 ವರ್ಷದಿಂದ ಗ್ಯಾರೇಜ್ ನಡೆಸುತ್ತಿದ್ದೇನೆ. ವಿಜಯಪುರ, ಕಲಬುರಗಿ, ಬೆಳಗಾವಿಯಿಂದ ಬಂದು ಇಲ್ಲಿ ನೆಲೆಸಿದ ನಮ್ಮವರ ಗಾಡಿಗಳೇ ನನ್ನಲ್ಲಿ ಜಾಸ್ತಿ. ಹಬ್ಬಕ್ಕೆ, ಜಾತ್ರೆಗೆ ಊರಿಗೆ ಹೊರಡುವ ಮುಂಚೆ ಬರುತ್ತೀರಿ. ಆಯಿಲ್ ನೋಡ್ರಿ, ಗಾಳಿ ನೋಡ್ರಿ, ಏಸಿ ತಣ್ಣಗಾಗವಲ್ದು ನೋಡ್ರಿ ಅನ್ನುತ್ತೀರಿ. ಬ್ರೇಕ್ ಬಗ್ಗೆ ನಾನೇ ಕೇಳಿದರೆ, "ಹಿಡೀತಾವಲ್ರಿ, ಬಿಡ್ರಿ" ಅಂತೀರಿ. ಹಿಡಿಯುವುದು ಬೇರೆ, ನೆಟ್ಟಗಿರುವುದು ಬೇರೆ.

ಇವತ್ತು ನಾನು ಹೇಳಬೇಕಾದದ್ದು ಒಂದೇ ಮಾತು. ಬ್ರೇಕ್ ಪ್ಯಾಡ್, ಅಂದರೆ ಚಕ್ರ ನಿಲ್ಲಿಸಲಿಕ್ಕೆ ಒತ್ತಿ ಉಜ್ಜುವ ತುಂಡು, ಬೇಗ ಸವೆದರೆ ಹೊಸದು ಹಾಕಿಸಿ ಸುಮ್ಮನಾಗಬೇಡಿ. ಯಾಕೆ ಸವೆಯಿತು ಅಂತ ಕೇಳಿ. ಹಳೇ ಪ್ಯಾಡ್ ಕೈಗೆ ತಗೊಂಡು ನೋಡಿ.

ಧನಕವಡಿಯ ಒಬ್ಬ ಮೇಷ್ಟ್ರ ವಿಷಯ ಹೇಳುತ್ತೇನೆ. ಹೆಸರು ಬೇಡ. ಗಾಡಿಯನ್ನು ಮಗುವಿನ ಹಾಗೆ ನೋಡಿಕೊಳ್ಳುವವರು. ಒಂದು ದಿನ ಬಂದು, "ಅಣ್ಣಾರ, ಒಂದೂವರೆ ವರ್ಷದಾಗ ಇದು ಮೂರನೇ ಸಲ ರೀ ಪ್ಯಾಡ್ ಹಾಕ್ಸೂದು" ಅಂದರು. ಓಡಿಸಿದ್ದು ಪ್ರತಿ ಸಲ ಎಂಟೊಂಬತ್ತು ಸಾವಿರ ಕಿಲೋಮೀಟರ್ ಅಷ್ಟೇ. ಊರೊಳಗೆ ಓಡಿಸಿದರೂ ಮುಂದಿನ ಚಕ್ರದ ಪ್ಯಾಡ್ 30 ಸಾವಿರದ ಹತ್ತಿರ ಬರಬೇಕು. ಹಿಂದೆ ಹಾಕಿದವರು ಏನಂದರು ಅಂತ ಕೇಳಿದೆ. "ನಿಮ್ಮ ಕಾಲು ಭಾರ ಅಂದ್ರು ರೀ." ಪಾಪ, ಅದನ್ನು ನಂಬಿಕೊಂಡು ಗಾಡಿ ಓಡಿಸಲಿಕ್ಕೇ ಹೆದರುತ್ತಿದ್ದರು.

ಮುಂದಿನ ಎಡಗಡೆ ಚಕ್ರ ಬಿಚ್ಚಿದೆ. ಡಿಸ್ಕ್, ಅಂದರೆ ಬ್ರೇಕಿನ ತಟ್ಟೆ, ಅದರ ಮೇಲೆ ನೀಲಿ ನೀಲಿ ಕಲೆ. ಅದು ಸುಟ್ಟ ಗುರುತು. ಪ್ಯಾಡ್ ಎರಡನ್ನೂ ತೆಗೆದು ಅವರ ಅಂಗೈ ಮೇಲಿಟ್ಟೆ. ಹೊರಗಿನದು ಬಿಸ್ಕತ್ತಿನಷ್ಟು ದಪ್ಪ ಇತ್ತು. ಒಳಗಿನದರಲ್ಲಿ ಬರೀ ಕಬ್ಬಿಣದ ತಗಡು. ಬಲಗಡೆ ಚಕ್ರ ಬಿಚ್ಚಿದೆ, ಅಲ್ಲಿ ಎರಡೂ ಚೆನ್ನಾಗಿದ್ದವು. "ಮೇಷ್ಟ್ರೇ, ಕಾಲು ಭಾರ ಇದ್ದರೆ ನಾಲ್ಕೂ ಸವೀಬೇಕಲ್ರಿ" ಅಂದೆ.

ಈಗ ಸ್ವಲ್ಪ ಗಮನ ಕೊಡಿ. ಚಕ್ರದ ಜೊತೆ ಒಂದು ಕಬ್ಬಿಣದ ತಟ್ಟೆ ತಿರುಗುತ್ತದೆ, ಅದೇ ಡಿಸ್ಕ್. ಅದರ ಎರಡು ಬದಿಗೆ ಒಂದೊಂದು ಪ್ಯಾಡ್. ಕಾಲಿಟ್ಟಾಗ ಕ್ಯಾಲಿಪರ್ ಅನ್ನುವ ಇಕ್ಕಳ ಎರಡನ್ನೂ ಒತ್ತುತ್ತದೆ, ಕಾಲು ತೆಗೆದರೆ ಸಡಿಲ ಬಿಡುತ್ತದೆ. ಈ ಇಕ್ಕಳ ಎರಡು ಪಿನ್ನಿನ ಮೇಲೆ ಸಲೀಸಾಗಿ ಜಾರಬೇಕು. ಮೇಷ್ಟ್ರ ಗಾಡಿಯ ಪಿನ್ ಕೈಯಿಂದ ಅಲುಗಲಿಲ್ಲ. ಸುತ್ತಿಗೆಯಿಂದ ಮೆಲ್ಲಗೆ ಬಡಿದು ತೆಗೆಯಬೇಕಾಯಿತು. ಅದಕ್ಕೆ ಯಾರೋ ಬೇರಿಂಗಿಗೆ ಹಾಕುವ ಸಾದಾ ಗ್ರೀಸ್ ಬಳಿದಿದ್ದರು. ಆ ಗ್ರೀಸಿಗೆ ಪಿನ್ ಮುಚ್ಚುವ ರಬ್ಬರ್ ಉಬ್ಬುತ್ತದೆ. ಉಬ್ಬಿದ ರಬ್ಬರ್ ಹರಿದಿತ್ತು, ಮಳೆ ನೀರು ಒಳಗೆ ಹೋಗಿತ್ತು, ಪಿನ್ ತುಕ್ಕು ಹಿಡಿದು ಕೂತಿತ್ತು. ಇಕ್ಕಳ ಸಡಿಲವಾಗುತ್ತಲೇ ಇರಲಿಲ್ಲ. ಕಾಲು ತೆಗೆದ ಮೇಲೂ ಒಳಗಿನ ಪ್ಯಾಡ್ ಹಗಲೂ ರಾತ್ರಿ ಉಜ್ಜುತ್ತಲೇ ಇತ್ತು.

ಪಿನ್ ಬದಲಿಸಿ, ಹೊಸ ರಬ್ಬರ್ ಹಾಕಿ, ಬ್ರೇಕಿಗೇ ಅಂತ ಬರುವ ಸಿಲಿಕೋನ್ ಗ್ರೀಸ್ ಹಚ್ಚಿದೆ. ಸುಟ್ಟ ಡಿಸ್ಕ್ ಮಾತ್ರ ಹೋಯಿತು, ಜೋಡಿಯಾಗಿ ಬದಲಿಸಲೇಬೇಕಾಯಿತು. ಮೊದಲ ಸಲವೇ ಆ ಪಿನ್ ಒಮ್ಮೆ ಎಳೆದು ನೋಡಿದ್ದರೆ ಇಷ್ಟು ಖರ್ಚು ಇರಲಿಲ್ಲ. ನನಗೆ ಸಿಟ್ಟು ಬರುವುದು ಇಲ್ಲೇ. ಹಿಂದೆ ಎರಡು ಸಲ ಪ್ಯಾಡ್ ಬದಲಿಸಿದರು, ಒಂದು ಸಲವೂ ಯಾಕೆ ಅಂತ ನೋಡಲಿಲ್ಲ.

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಹೊಸ ಪ್ಯಾಡಿನಲ್ಲಿ ಸವೆಯುವ ಭಾಗ ಸುಮಾರು 10 ಮಿಲಿಮೀಟರ್ ಇರುತ್ತದೆ. 3ಕ್ಕೆ ಬಂದರೆ ಬದಲಿಸಿ. ಕೀಂ ಅಂತ ಸಣ್ಣ ಸದ್ದು ಬಂದರೆ ತಡ ಮಾಡಬೇಡಿ. ಗರಗರ ಅಂದರೆ ಆಗಲೇ ತಡವಾಗಿದೆ. ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲಿಸಿ. ಅದು ಗಾಳಿಯಲ್ಲಿನ ತೇವ ಹೀರುತ್ತದೆ. ಡಾಟ್ 4 ಅನ್ನುವ ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ 230 ಡಿಗ್ರಿವರೆಗೂ ಕುದಿಯಬಾರದು. ತೇವ ಹೀರಿದ್ದು 155ರ ಹತ್ತಿರವೇ ಕುದಿಯಬಹುದು. ಕುದಿದರೆ ಪೆಡಲ್ ಸ್ಪಂಜಿನ ಹಾಗೆ ಒಳಗೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ.

ಅಷ್ಟು ಬಿಸಿ ಎಲ್ಲಿ ಆಗುತ್ತದೆ ಅಂತೀರಾ? ಬೆಳಗಾವಿ ಕಡೆಯಿಂದ ಪುಣೆಗೆ ವಾಪಸ್ ಬರುವಾಗ ಕಾತ್ರಜ್ ಸುರಂಗ ದಾಟಿದ ಮೇಲೆ ನವಲೆ ಸೇತುವೆವರೆಗೆ ಇಳಿಜಾರು ಇದೆಯಲ್ಲ, ಅಂಥ ಕಡೆ. 2022ರ ನವೆಂಬರಿನಲ್ಲಿ ಅಲ್ಲಿ ಒಂದೇ ಭಾರೀ ವಾಹನ ಹತ್ತಾರು ಗಾಡಿಗಳಿಗೆ ಗುದ್ದಿದ್ದು ನಿಮಗೆ ನೆನಪಿರಬೇಕು. ಆ ಇಳಿಜಾರಿನಲ್ಲಿ ನಮ್ಮವರು ಕಾರನ್ನು ಗೇರಿನಿಂದ ತೆಗೆದು ನ್ಯೂಟ್ರಲ್ ಮಾಡುತ್ತಾರೆ. ಪೆಟ್ರೋಲ್ ಉಳೀತದ ಅಂತ. ಉಳಿಯುವುದಿಲ್ಲ ರೀ! ಈಗಿನ ಗಾಡಿ ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಇಂಜಿನ್ನಿಗೆ ಪೆಟ್ರೋಲ್ ಹೋಗುವುದೇ ನಿಲ್ಲುತ್ತದೆ. ನ್ಯೂಟ್ರಲ್ಲಿನಲ್ಲೇ ಉರಿಯುತ್ತಿರುತ್ತದೆ. ಮೇಲಿಂದ ಗಾಡಿಯ ಭಾರವೆಲ್ಲ ಬ್ರೇಕಿನ ಮೇಲೆ. ಇಂಜಿನ್ ಆಫ್ ಮಾಡಿದಿರೋ, ಎರಡು ಮೂರು ಸಲ ಒತ್ತುವಷ್ಟರಲ್ಲಿ ಪೆಡಲ್ ಕಲ್ಲಾಗುತ್ತದೆ. ಎರಡನೇ ಗೇರಿಗೋ ಮೂರನೇ ಗೇರಿಗೋ ಹಾಕಿ ಇಳಿಯಿರಿ, ಇಂಜಿನ್ನೇ ಹಿಡಿದುಕೊಳ್ಳುತ್ತದೆ.

ಕೊನೆಗೆ, ಒಂದು ಕಾಸಿನ ಖರ್ಚಿಲ್ಲದ ಕೆಲಸ. ಮುಂದಿನ ಸಲ ಹೈವೇ ಮೇಲೆ ಚಹಾಕ್ಕೆ ನಿಲ್ಲಿಸಿದಾಗ ನಾಲ್ಕೂ ಚಕ್ರದ ಹತ್ತಿರ ಕೈ ಒಯ್ದು ನೋಡಿ. ಮುಟ್ಟಬೇಡಿ, ಸುಡುತ್ತದೆ. ಎಡ ಮುಂದಿನದೂ ಬಲ ಮುಂದಿನದೂ ಒಂದೇ ಹದಕ್ಕೆ ಬಿಸಿ ಇರಬೇಕು. ಒಂದೇ ಕಡೆ ಕಾವು ಜಾಸ್ತಿ ಹೊಡೆದರೆ, ಸುಟ್ಟ ವಾಸನೆ ಬಂದರೆ, ಊರು ಮುಟ್ಟಿದ ಕೂಡಲೇ ಆ ಚಕ್ರ ಬಿಚ್ಚಿಸಿ. ನೀವೂ ಪಕ್ಕದಲ್ಲಿ ನಿಲ್ಲಿ, ಪಿನ್ ಎಳೆದು ತೋರಿಸಿ ಅನ್ನಿ. ನಮಸ್ಕಾರ.