ಹಳೆಯ ಬಣ್ಣವನ್ನು ಒಣದಾಗಿ ಉಜ್ಜಬೇಡಿ

ಕೇಳುಗರಿಗೆ ನಮಸ್ಕಾರ. ಹಬ್ಬ, ಮದುವೆ ಅಂದರೆ ಮನೆಗೆ ಸುಣ್ಣ ಬಣ್ಣ ಆಗಲೇಬೇಕು. ತುಮಕೂರು ಸೀಮೆಯ ಮನೆಯವರಿಗೂ ಪೇಂಟರ್ ಅಣ್ಣಂದಿರಿಗೂ ಮಕ್ಕಳ ಡಾಕ್ಟರಾಗಿ ನನ್ನದು ಒಂದೇ ಮಾತು: ಹಳೆಯ ಬಣ್ಣವನ್ನು ಒಣದಾಗಿ ಉಜ್ಜಬೇಡಿ. ನೀರು ಹಾಕಿ, ಒದ್ದೆ ಮಾಡಿ ಉಜ್ಜಿ.

ಹಳೆಯ ಎಣ್ಣೆ ಬಣ್ಣದಲ್ಲಿ, ಅದರಲ್ಲೂ ಕಡು ಹಳದಿ, ಕಿತ್ತಳೆ, ಹಸಿರಿನಲ್ಲಿ ಸೀಸ, ಅಂದರೆ ಲೆಡ್ ಅನ್ನುವ ವಿಷದ ಲೋಹ, ಇರುವುದು ಮಾಮೂಲು. ಉಪ್ಪುಕಾಗದ ಹಿಡಿದು ಉಜ್ಜಿದಿರೋ, ಅದು ಧೂಳಾಗಿ ಮನೆಯೆಲ್ಲ ಹರಡುತ್ತದೆ. ಹೊಟ್ಟೆಗೆ ಹೋದ ಸೀಸವನ್ನು ಚಿಕ್ಕ ಮಕ್ಕಳ ಮೈ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೀರಿಕೊಳ್ಳುತ್ತದೆ. ಇಷ್ಟಿದ್ದರೆ ಪರವಾಗಿಲ್ಲ ಅನ್ನುವ ಮಟ್ಟವೇ ಇಲ್ಲ.

ಚಿಕ್ಕಪೇಟೆಯ ಒಂದು ಹಳೇ ಮನೆ. ಮಗಳ ಮದುವೆಗೆಂದು ಬಾಗಿಲು ಕಿಟಕಿಗೆಲ್ಲ ಹೊಸ ಬಣ್ಣ. ಪೇಂಟರ್ ನಡುಮನೆಯಲ್ಲೇ ಕೂತು ಒಣದಾಗಿ ಉಜ್ಜಿದ್ದಾನೆ. ಹಸಿರಿನ ಕೆಳಗೆ ಹಳದಿ, ಅದರ ಕೆಳಗೆ ಕಿತ್ತಳೆ. ಅಜ್ಜಿ ಪೊರಕೆ ತಗೊಂಡು ಗುಡಿಸಿದ್ದಾರೆ, ಧೂಳು ಅಡುಗೆಮನೆವರೆಗೂ ಹೋಗಿದೆ. ಅಂಬೆಗಾಲಿಡುವ ಮೊಮ್ಮಗ ಅದೇ ನೆಲದ ಮೇಲೆ ಹರಿದಾಡಿ, ಅದೇ ಕೈ ಬಾಯಿಗಿಟ್ಟುಕೊಂಡಿದ್ದಾನೆ. ಮದುವೆ ಮುಗಿದ ಮೇಲೆ ನನ್ನ ಹತ್ತಿರ ಕರೆತಂದರು. ಹಗಲು ರಾತ್ರಿ ಅಳು, ಊಟ ಸೇರದು, ಮುಖ ಬಿಳಿಚಿಕೊಂಡಿದೆ. ಅಷ್ಟರಲ್ಲಿ ದೃಷ್ಟಿ ತೆಗೆದಾಗಿತ್ತು, ಗ್ರೈಪ್ ವಾಟರ್ ಕುಡಿಸಿಯೂ ಆಗಿತ್ತು. ರಕ್ತ ಪರೀಕ್ಷೆ ಮಾಡಿಸಿದರೆ ಸೀಸ! ಮನೆಗೇ ಹೋಗಿ ನೋಡಿದೆ. ಹೊಸಿಲಿನ ಸಂದಿಯಲ್ಲಿ ರಂಗೋಲಿ ಪುಡಿಯ ಹಾಗೆ ಹಸಿರು ಧೂಳು ಇನ್ನೂ ಕೂತಿತ್ತು. ಒಂದು ಬಕೆಟ್ ನೀರು ಪಕ್ಕದಲ್ಲಿದ್ದಿದ್ದರೆ ಆ ಧೂಳು ಏಳುತ್ತಲೇ ಇರಲಿಲ್ಲ. ಎಷ್ಟು ಮನೆಗಳಿಗೆ ಇದನ್ನೇ ಹೇಳುವುದು?

ಸಮಯ ಕಡಿಮೆ ಇದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಕೆಲಸ ಮುಗಿದು ನೆಲ ಒರೆಸುವ ತನಕ ಮಕ್ಕಳನ್ನೂ ಬಸುರಿಯರನ್ನೂ ಬೇರೆ ಮನೆಗೆ ಕಳಿಸಿ. ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ. ಬೆಂಕಿ ಹಿಡಿದು ಬಣ್ಣ ಸುಡಲೇಬೇಡಿ, ಸೀಸ ಹೊಗೆಯಾಗಿ ಎದೆಗಿಳಿಯುತ್ತದೆ. ಪೊರಕೆ ಬೇಡ, ಒದ್ದೆ ಬಟ್ಟೆ. ಪೇಂಟರ್ ಅಣ್ಣ, ಮೂಗಿಗೆ ಕರ್ಚೀಫ್ ಸಾಲದು, ಒಳ್ಳೆ ಮಾಸ್ಕ್ ಹಾಕಿ. ಕೈಕಾಲು ತೊಳೆದು, ಬಟ್ಟೆ ಬದಲಾಯಿಸಿ ಆಮೇಲೆ ನಿಮ್ಮ ಮಗುವನ್ನು ಎತ್ತಿಕೊಳ್ಳಿ.

ಮನೆಗೆ ಹಚ್ಚುವ ಬಣ್ಣದಲ್ಲಿ ಹತ್ತು ಲಕ್ಷ ಪಾಲಿಗೆ 90 ಪಾಲಿಗಿಂತ ಹೆಚ್ಚು ಸೀಸ ಇರಬಾರದು ಅಂತ 2017ರ ನವೆಂಬರ್‌ನಿಂದ ಕೇಂದ್ರದ ನಿಯಮ ಇದೆ. ಡಬ್ಬದ ಮೇಲೆ ಅದನ್ನು ನೋಡಿಯೇ ಕೊಳ್ಳಿ. ಆದರೆ ಆ ನಿಯಮ ಹೊಸ ಡಬ್ಬಕ್ಕೆ, ನಿಮ್ಮ ತಾತನ ಕಾಲದ ಬಾಗಿಲಿಗಲ್ಲ. ಅದನ್ನು ಒದ್ದೆ ಮಾಡಿಯೇ ಉಜ್ಜಿಸಿ. ‘ನೀರು ಹಾಕಿದರೆ ಕೆಲಸ ತಡ ಆಗುತ್ತೆ ಸಾರ್’ ಅಂದರೆ ಒಂದು ದಿನದ ಕೂಲಿ ಹೆಚ್ಚಿಗೆ ಕೊಡಿ. ನಮಸ್ಕಾರ.